ಪ್ಲೇಯರ್ ಕಂಡರೂ ಮೌಂಟ್ ಆಗದಿದ್ದರೆ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಪ್ರಶ್ನೆ: ನನ್ನ ಬಳಿ 8 ಜಿಬಿಯ ಹಳೆಯ ಮ್ಯೂಸಿಕ್ ಪ್ಲೇಯರ್ ಒಂದಿದೆ. ಕಳೆದ ವಾರದವರೆಗೂ ಅದು ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ತೊಂದರೆಯಿಲ್ಲದೆ ತೆರೆದುಕೊಳ್ಳುತ್ತಿತ್ತು. ಈಗ ಜೋಡಿಸಿದರೆ ಚಾರ್ಜ್ ಆಗುತ್ತದೆ, ಎಸ್‌ಡಿಬಿ1 ಎಂಬ ಹೆಸರೂ (ಎಸ್‌ಡಿಬಿ ಡಿಸ್ಕಿನ ಮೊದಲ ಪಾರ್ಟಿಷನ್, ಅಂದರೆ ಮೊದಲ ಭಾಗ) ಕಾಣಿಸುತ್ತದೆ. ಆದರೆ ಮೌಂಟ್ ಮಾಡಲು (ಅಂದರೆ ಅದರೊಳಗಿನ ಫೈಲುಗಳು ಕಾಣುವಂತೆ ಕಂಪ್ಯೂಟರಿಗೆ ಸೇರಿಸಲು) ಹೋದರೆ ‘ರಾಂಗ್ ಎಫ್ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್’ ಎಂದು ಶುರುವಾಗುವ ಉದ್ದನೆಯ ಸಂದೇಶ ಬರುತ್ತದೆ. ಇನ್ನೊಂದು ಕಂಪ್ಯೂಟರಿನಲ್ಲಿ ಇದೇ ಪ್ಲೇಯರ್ ಚೆನ್ನಾಗಿಯೇ ತೆರೆಯುತ್ತದೆ. ಈ ನಡುವೆ ನಾನು ಮಾಡಿದ್ದು ಎಂದಿನಂತೆ ಅಪ್‌ಡೇಟ್ ಮಾತ್ರ. ಕಂಪ್ಯೂಟರನ್ನು ಆರಿಸುವ ಅಭ್ಯಾಸ ನನಗಿಲ್ಲ, ಸಸ್ಪೆಂಡ್ ಮಾಡಿ ಬಿಡುತ್ತೇನೆ. ಪ್ಲೇಯರನ್ನು ಫಾರ್ಮ್ಯಾಟ್ ಮಾಡಬೇಕೇ?

ಉತ್ತರ: ಖಂಡಿತ ಬೇಡ. ಇನ್ನೊಂದು ಕಂಪ್ಯೂಟರಿನಲ್ಲಿ ತೆರೆಯುತ್ತಿದೆ ಎಂದಮೇಲೆ ಪ್ಲೇಯರಿನ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ನೀವು ಕಂಡ ಸಂದೇಶ ಹತ್ತಾರು ಬೇರೆ ಬೇರೆ ಕಾರಣಗಳಿಗೆ ಮೌಂಟ್ ಕಮ್ಯಾಂಡ್ ಕೊಡುವ ಒಂದೇ ಸಿದ್ಧ ಉತ್ತರ. ಅದರ ಮೊದಲ ಮೂರು ಪದಪುಂಜಗಳನ್ನು ಓದಿ ಗಾಬರಿಯಾಗುವ ನಾವು ಅದರ ಬಾಲವನ್ನು ಓದುವುದೇ ಇಲ್ಲ. ಆ ಬಾಲದಲ್ಲಿ ‘ಮಿಸ್ಸಿಂಗ್ ಕೋಡ್‌ಪೇಜ್’ (ಅಕ್ಷರಗಳ ಪಟ್ಟಿ ಸಿಗುತ್ತಿಲ್ಲ) ಎಂಬ ಮಾತೂ ಇದೆ, ನಿಮ್ಮ ವಿಷಯದಲ್ಲಿ ನಮಗೆ ಅನುಮಾನ ಇರುವುದು ಅದರ ಮೇಲೆಯೇ.

ನಿಜವಾದ ಕಾರಣ ಬರೆದಿರುವುದು ಲಿನಕ್ಸಿನ ತಿರುಳಾದ ಕರ್ನಲ್‌ನ ದಾಖಲೆಯಲ್ಲಿ. ಮೌಂಟ್ ವಿಫಲವಾದ ಕೂಡಲೇ ರೂಟ್ (ನಿರ್ವಾಹಕನ) ಅಧಿಕಾರದಲ್ಲಿ ಡಿಎಂಇಎಸ್‌ಜಿ ಕಮ್ಯಾಂಡ್ ಕೊಟ್ಟು ಕೊನೆಯ ಸಾಲುಗಳನ್ನು ನೋಡಿ. ಅಲ್ಲಿ ‘ಫ್ಯಾಟ್-ಎಫ್ಎಸ್ (ಎಸ್‌ಡಿಬಿ1): ಐಓ ಚಾರ್‌ಸೆಟ್ ಐಎಸ್ಓ8859-1 ನಾಟ್ ಫೌಂಡ್’ ಎಂದೋ ‘ಕೋಡ್‌ಪೇಜ್ ಸಿಪಿ437 ನಾಟ್ ಫೌಂಡ್’ ಎಂದೋ ಇದ್ದರೆ ತಪ್ಪು ಪ್ಲೇಯರಿನದಲ್ಲ, ಕಂಪ್ಯೂಟರಿನದು. ಇಂಥ ಪ್ಲೇಯರುಗಳಲ್ಲಿ ಸಾಮಾನ್ಯವಾದ ಫ್ಯಾಟ್ ಫೈಲ್ ಸಿಸ್ಟಂನಲ್ಲಿರುವ ಹೆಸರುಗಳನ್ನು ಓದಿ ಪ್ರೋಗ್ರಾಂಗಳಿಗೆ ಒಪ್ಪಿಸಲು ಕರ್ನಲ್‌ಗೆ ಅಕ್ಷರಗಳ ಪಟ್ಟಿ ಬೇಕು; ಆ ಪಟ್ಟಿ ಸಾಮಾನ್ಯವಾಗಿ ಪ್ರತ್ಯೇಕ ಮಾಡ್ಯೂಲ್ ಆಗಿ ಡಿಸ್ಕಿನಲ್ಲಿರುತ್ತದೆ, ಬೇಕಾದಾಗ ಮಾತ್ರ ಮೆಮೊರಿಗೆ ಬರುತ್ತದೆ. ಅಪ್‌ಡೇಟ್ ಮಾಡುವಾಗ ಹೊಸ ಕರ್ನಲ್ ಬಂದು, ಹಳೆಯದರ ಮಾಡ್ಯೂಲ್‌ಗಳು ಅಳಿಸಿಹೋಗಿ, ನೀವು ರೀಸ್ಟಾರ್ಟ್ ಮಾಡದೆ ಉಳಿದರೆ, ಓಡುತ್ತಿರುವ ಹಳೆಯ ಕರ್ನಲ್ ತನ್ನ ಮಾಡ್ಯೂಲನ್ನು ಹುಡುಕಿಕೊಂಡು ಹೋದಾಗ ಅಲ್ಲಿ ಏನೂ ಇರುವುದಿಲ್ಲ. ಲಿನಕ್ಸಿನ ಬಗೆಗಳಲ್ಲಿ ಡೆಬಿಯನ್ ಹಳೆಯ ಕರ್ನಲನ್ನು ಸ್ವಲ್ಪ ಕಾಲ ಉಳಿಸಿಕೊಳ್ಳುತ್ತದೆ. ಆರ್ಚ್ ಹಾಗೆ ಮಾಡುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳುವುದು ಅರ್ಧ ನಿಮಿಷದ ಕೆಲಸ. ‘ಯುನೇಮ್ -ಆರ್’ ಹೇಳುವ ಆವೃತ್ತಿಯ ಹೆಸರಿನ ಫೋಲ್ಡರ್ ‘/ಲಿಬ್/ಮಾಡ್ಯೂಲ್ಸ್’ ಒಳಗೆ ಇದೆಯೇ ನೋಡಿ; ಇಲ್ಲವಾದರೆ ರೀಸ್ಟಾರ್ಟ್ ಮಾಡಿ, ಅಷ್ಟೇ. ಹಾಡುಗಳ ಹೆಸರನ್ನು ಕನ್ನಡದಲ್ಲಿ ಬರೆದಿಟ್ಟಿರುವವರು, ಪ್ಲೇಯರ್ ಮೌಂಟ್ ಆದಮೇಲೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ, ‘ಯುಟಿಎಫ್8’ ಎಂಬ ಆಯ್ಕೆಯನ್ನು ಸೇರಿಸಿ ಮತ್ತೆ ಮೌಂಟ್ ಮಾಡಬೇಕು.

ದಾಖಲೆಯಲ್ಲಿ ಆ ಸಾಲು ಇಲ್ಲದಿದ್ದರೆ? ಆಗ ಪ್ಲೇಯರನ್ನು ಕಿತ್ತು ಮತ್ತೆ ಜೋಡಿಸಿ, ಮೊದಲಿನಿಂದ ಓದಿಕೊಂಡು ಬನ್ನಿ. ಒಂದು ಸಾಲೂ ಹೊಸದಾಗಿ ಮೂಡದಿದ್ದರೆ ಕೇಬಲ್ ಬದಲಿಸಿ, ಯುಎಸ್‌ಬಿ 2.0 ಕೇಬಲಿನ ನಾಲ್ಕು ತಂತಿಗಳಲ್ಲಿ ಎರಡು ವಿದ್ಯುತ್ತಿಗೆ, ಎರಡು ದತ್ತಾಂಶಕ್ಕೆ, ಮತ್ತು ಚಾರ್ಜಿಗೆಂದೇ ಮಾಡಿದ ಎಷ್ಟೋ ಕೇಬಲುಗಳಲ್ಲಿ ಕೊನೆಯ ಎರಡು ಇರುವುದೇ ಇಲ್ಲ. ಹೊಸ ಯುಎಸ್‌ಬಿ ಸಾಧನ ಬಂತೆಂದು ಬರೆದಿದ್ದರೂ ಎಸ್‌ಡಿ ಎಂದು ಶುರುವಾಗುವ ಹೆಸರು ಬರದಿದ್ದರೆ ಪ್ಲೇಯರ್ ಎಂಟಿಪಿ ವಿಧಾನದಲ್ಲಿರುವ ಸಂಭವವೇ ಹೆಚ್ಚು. ಎಂಟಿಪಿಯಲ್ಲಿ ಪ್ಲೇಯರ್ ತನ್ನ ಡಿಸ್ಕನ್ನು ನಮ್ಮ ಕೈಗೆ ಕೊಡುವುದಿಲ್ಲ, ಕೇಳಿದ ಫೈಲನ್ನು ಮಾತ್ರ ತಾನೇ ತೆಗೆದುಕೊಡುತ್ತದೆ. ಹಾಗಾಗಿ ಮಾಮೂಲಿ ಮೌಂಟ್ ಅಲ್ಲಿ ನಡೆಯುವುದಿಲ್ಲ. ಪ್ಲೇಯರಿನ ಮೆನುವಿನಲ್ಲಿ ಯುಎಸ್‌ಬಿ ವಿಧಾನವನ್ನು ಎಂಎಸ್‌ಸಿಗೆ (ಪ್ಲೇಯರ್ ಮಾಮೂಲಿ ಡಿಸ್ಕಿನಂತೆ ಕಾಣುವ ವಿಧಾನಕ್ಕೆ) ಬದಲಿಸಿ, ಆ ಆಯ್ಕೆ ಇಲ್ಲದಿದ್ದರೆ ಜೆಎಂಟಿಪಿಎಫ್ಎಸ್‌ನಂಥ ಪ್ರೋಗ್ರಾಂ ಬಳಸಿ. ಕೆಲವು ಪ್ಲೇಯರುಗಳಲ್ಲಿ ಒಂದು ವಿಧಾನದಲ್ಲಿ ಹಾಕಿದ ಹಾಡು ಇನ್ನೊಂದರಲ್ಲಿ ಕಾಣುವುದಿಲ್ಲ; ಹಾಡುಗಳು ಅಳಿಸಿಹೋದುವೆಂದು ಹೆದರಬೇಕಿಲ್ಲ.

ಇನ್ನು ಪಾರ್ಟಿಷನ್ ವಿಚಾರ. ‘15656960 512-ಬೈಟ್ ಲಾಜಿಕಲ್ ಬ್ಲಾಕ್ಸ್’ ಎಂಬಂಥ ಸಾಲು ಕಂಡರೆ (ಇದು 8.02 ಜಿಬಿ ಆಗುತ್ತದೆ) ಕರ್ನಲ್ ಡಿಸ್ಕನ್ನು ಗುರುತಿಸಿದೆ ಎಂದರ್ಥ. ಅದರ ಕೆಳಗೆ ‘ಎಸ್‌ಡಿಬಿ:’ ಎಂದಷ್ಟೇ ಇದ್ದು ಮುಂದೆ ಏನೂ ಇಲ್ಲದಿದ್ದರೆ ಪಾರ್ಟಿಷನ್ ಪಟ್ಟಿಯೇ ಇಲ್ಲದೆ ಇಡೀ ಡಿಸ್ಕನ್ನು ಫಾರ್ಮ್ಯಾಟ್ ಮಾಡಿರಬಹುದು. ಆಗ ಮೌಂಟ್ ಮಾಡಬೇಕಾದದ್ದು ಎಸ್‌ಡಿಬಿಯನ್ನು. ವಿಂಡೋಸಿಗಾಗಿ ಫಾರ್ಮ್ಯಾಟ್ ಆದ ಹಳೆಯ ಐಪಾಡುಗಳಲ್ಲಿ ಮೊದಲ ಪಾರ್ಟಿಷನ್ ಫರ್ಮ್‌ವೇರಿನದು, ಹಾಡುಗಳಿರುವುದು ಎರಡನೆಯದರಲ್ಲಿ. ಮೊದಲನೆಯದನ್ನು ತೆರೆಯಹೋದವರಿಗೂ ನಿಮಗೆ ಬಂದ ಸಂದೇಶವೇ ಬರುತ್ತದೆ.

ಪ್ರಶ್ನೆ: ನನ್ನ ಪ್ಲೇಯರ್ ಮೌಂಟ್ ಆಗುತ್ತದೆ, ಹಾಡುಗಳೂ ಕೇಳಿಸುತ್ತವೆ. ಹೊಸ ಹಾಡು ಹಾಕಲು ಹೋದರೆ ಮಾತ್ರ ‘ರೀಡ್-ಓನ್ಲಿ’ ಎನ್ನುತ್ತದೆ. ಏಕೆ?

ಉತ್ತರ: ನೀವು ಅದನ್ನು ಯಾವಾಗಲೋ ಅನ್‌ಮೌಂಟ್ ಮಾಡದೆ ಕಿತ್ತಿರಬೇಕು. ಫ್ಯಾಟ್ ಫೈಲ್ ಸಿಸ್ಟಂನಲ್ಲಿ ಲೆಕ್ಕ ತಪ್ಪಿರುವುದು ಗಮನಕ್ಕೆ ಬಂದೊಡನೆ, ಇನ್ನಷ್ಟು ಹಾನಿಯಾಗದಿರಲೆಂದು, ಲಿನಕ್ಸ್ ಕರ್ನಲ್ ಬರೆಯುವುದನ್ನು ನಿಲ್ಲಿಸಿಬಿಡುತ್ತದೆ. ಹಾಡುಗಳನ್ನು ಮೊದಲು ಬೇರೆಡೆ ನಕಲಿಸಿಕೊಂಡು, ಪ್ಲೇಯರನ್ನು ಅನ್‌ಮೌಂಟ್ ಮಾಡಿ, ಡಾಸ್‌ಎಫ್ಎಸ್‌ಟೂಲ್ಸ್ ಪ್ಯಾಕೇಜಿನ ಎಫ್ಎಸ್‌ಸಿಕೆ.ಫ್ಯಾಟ್ ಅನ್ನು ‘-ಎನ್’ ಆಯ್ಕೆಯೊಡನೆ ಓಡಿಸಿ. ಅದು ತಪ್ಪುಗಳನ್ನು ತೋರಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ಪಟ್ಟಿ ಚಿಕ್ಕದಾಗಿದ್ದರೆ ‘-ಎ’ ಕೊಟ್ಟು ದುರಸ್ತಿ ಮಾಡಬಹುದು. ನಕಲು ಮುಗಿಯಿತೆಂದು ಪರದೆ ಹೇಳಿದಾಗಲೂ ಅರ್ಧ ಹಾಡು ಕಂಪ್ಯೂಟರಿನ ಮೆಮೊರಿಯಲ್ಲೇ ಉಳಿದಿರಬಹುದು, ಆದ್ದರಿಂದ ಅನ್‌ಮೌಂಟ್ ಮುಗಿಯುವ ತನಕ ಕೇಬಲ್ ಮುಟ್ಟಬೇಡಿ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಐಪಾಡ್ ನಿಮ್ಮದಾಗಿದ್ದರೆ ಕಾರಣ ಬೇರೆ: ಮ್ಯಾಕ್‌ನ ಫೈಲ್ ಸಿಸ್ಟಂ ಆದ ಎಚ್‌ಎಫ್ಎಸ್ ಪ್ಲಸ್‌ನಲ್ಲಿ ಜರ್ನಲಿಂಗ್ (ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ವ್ಯವಸ್ಥೆ) ಚಾಲೂ ಇದ್ದರೆ ಲಿನಕ್ಸ್ ಅದನ್ನು ಓದಲಷ್ಟೇ ತೆರೆಯುತ್ತದೆ. ಮ್ಯಾಕ್‌ನಲ್ಲೇ ಜರ್ನಲಿಂಗ್ ನಿಲ್ಲಿಸಿಕೊಂಡು ಬರಬೇಕು.

ಪ್ರಶ್ನೆ: ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಎಸ್‌ಡಿಬಿ ಎಂಬುದೇ ಇಲ್ಲವಲ್ಲ?

ಉತ್ತರ: ಇಲ್ಲ. ಅಲ್ಲಿ ಯುಎಸ್‌ಬಿ ಡಿಸ್ಕಿನ ಹೆಸರು ಡಿಎ0, ಅದರ ಮೊದಲ ಪಾರ್ಟಿಷನ್ ಡಿಎ0ಎಸ್1. ಫೈಲ್ ಸಿಸ್ಟಂ ಬಗೆಯನ್ನು ಲಿನಕ್ಸಿನಂತೆ ವಿಫ್ಯಾಟ್ ಎನ್ನದೆ ಎಂಎಸ್‌ಡಾಸ್‌ಎಫ್ಎಸ್ ಎಂದು ಬರೆಯಬೇಕು. ಓಪನ್‌ಬಿಎಸ್‌ಡಿಯಲ್ಲಿ ಇದೇ ಪಾರ್ಟಿಷನ್ ಸಾಮಾನ್ಯವಾಗಿ ‘ಐ’ ಅಕ್ಷರದಿಂದ ಕೊನೆಗೊಳ್ಳುತ್ತದೆ, ಉದಾಹರಣೆಗೆ ಎಸ್‌ಡಿ1ಐ.