ಐರ್ಲೆಂಡಿನ ಒಂದು ಪುಟ್ಟ ಹಳ್ಳಿಯಲ್ಲಿ ಎರಡು ದಿನ ಇರಬೇಕು, ಹೇಗೆ ತಯಾರಾಗಲಿ?

ನನ್ನ ಆಯ್ಕೆ ಇನಿಶ್‌ಮಾನ್. ಅರಾನ್ ದ್ವೀಪಗಳಲ್ಲಿ ನಡುವಿನದು, ಇನ್ನೂರು ಜನವೂ ಇಲ್ಲದ ಊರು. ಪ್ರವಾಸಿಗರ ಗದ್ದಲವೆಲ್ಲ ಪಕ್ಕದ ಇನಿಶ್‌ಮೋರ್‌ನಲ್ಲಿ.

ಮೊದಲು ವೀಸಾ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು ಷೆಂಗೆನ್. ಐರ್ಲೆಂಡ್ ಅದಕ್ಕೆ ಸೇರಿಲ್ಲ. ಆ ಷೆಂಗೆನ್ ವೀಸಾ ಇದೆ ಅಂತ ಹೊರಟರೆ ಕೆಲಸ ಕೆಟ್ಟಂತೆ, ಐರಿಷ್ ವೀಸಾ ಬೇರೆಯೇ ಬೇಕು.

ಗಾಲ್ವೇ ನಗರದಿಂದ ರೊಸಾವೀಲ್ ಬಂದರಿಗೆ ಬಸ್, ಅಲ್ಲಿಂದ ಫೆರಿ. ಸಮುದ್ರ ಕೆರಳಿದರೆ ಫೆರಿ ಹೊರಡುವುದೇ ಇಲ್ಲ. ಹಾಗಾಗಿ ಊರಿಗೆ ಮರಳುವ ವಿಮಾನಕ್ಕೆ ಮುಂಚೆ ಒಂದು ದಿನ ಖಾಲಿ ಬಿಡಿ. ಬೇಸಿಗೆಯಲ್ಲೂ ಮಳೆಯಂಗಿ ಬೇಕು. ಕೊಡೆ ತರಬೇಡಿ, ಆ ಗಾಳಿಗೆ ಸುಮ್ನೆ ದಂಡ!

ರೂಮು, ರಾತ್ರಿ ಊಟ ಎರಡನ್ನೂ ಮೊದಲೇ ಹೇಳಿಡಿ. ಸಸ್ಯಾಹಾರಿ ಆದರಂತೂ ಬುಕ್ ಮಾಡುವಾಗಲೇ ತಿಳಿಸಿ. ಇಡೀ ದ್ವೀಪಕ್ಕೆ ಇರುವುದು ಒಂದೇ ಪಬ್. ಕೈಯಲ್ಲಿ ಸ್ವಲ್ಪ ಯೂರೋ ನಗದೂ ಇರಲಿ.

ಅಲ್ಲಿನ ಮನೆಮಾತು ಐರಿಷ್. ಇಂಗ್ಲಿಷ್ ನಡೆಯುತ್ತದೆ, ಆದರೂ 'ಗೊ ರೆವ್ ಮಹ ಅಗತ್' ಅಂದು ನೋಡಿ. ಧನ್ಯವಾದ ಅಂತ ಅರ್ಥ. ನಮ್ಮೂರಿಗೆ ಬಂದವರು ತಪ್ಪುತಪ್ಪಾಗಿ ಕನ್ನಡ ಮಾತಾಡಿದರೂ ನಮಗೆ ಖುಷಿ, ಅಲ್ವಾ?

ನೋಡಲಿಕ್ಕೆ ಡೂನ್ ಕೊನೋರ್ ಎಂಬ ಹಳೆಯ ಕಲ್ಲಿನ ಕೋಟೆ ಇದೆ. ಹೊಲಗಳ ನಡುವೆ ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿದ ಗೋಡೆಗಳು. ಅವನ್ನು ಹತ್ತಬೇಡಿ, ಕಲ್ಲು ಜಾರುತ್ತವೆ. ಗೇಟು ತೆರೆದರೆ ಮರಳಿ ಮುಚ್ಚಿ, ಒಳಗೆ ದನಗಳಿರುತ್ತವೆ.