ಓದುಗರ ಪ್ರಶ್ನೆ: ಮಪುಂಗುಬ್ವೆ ನಿಜಕ್ಕೂ ಮರೆತುಹೋಗಿತ್ತೇ?

ಪ್ರಶ್ನೆ: ದಕ್ಷಿಣ ಆಫ್ರಿಕಾದ ಮಪುಂಗುಬ್ವೆ ಗುಡ್ಡದಲ್ಲಿ ಚಿನ್ನದ ಘೇಂಡಾಮೃಗ ಸಿಕ್ಕಿತೆಂದು ಓದಿದೆ. ಆರು ನೂರಕ್ಕೂ ಹೆಚ್ಚು ವರ್ಷ ಯಾರಿಗೂ ತಿಳಿಯದಂತೆ ಒಂದು ರಾಜಧಾನಿ ಉಳಿದದ್ದು ಹೇಗೆ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಸುತ್ತಲಿನ ಜನರಿಗೆ ಆ ಗುಡ್ಡ ಎಂದೂ ಮರೆತಿರಲಿಲ್ಲ. ಅದು ಹಿರಿಯರ ಪವಿತ್ರ ನೆಲೆಯೆಂಬ ಭಯಭಕ್ತಿಯಿಂದ ಅವರು ಹೊರಗಿನವರಿಗೆ ದಾರಿ ತೋರಿಸಲು ಹಿಂಜರಿಯುತ್ತಿದ್ದರು. ನಿಮ್ಮ ತಾಲ್ಲೂಕಿನ ಹಿರೇಬೆಣಕಲ್ಲಿನ ಶಿಲಾಗೋರಿಗಳನ್ನು ವಿದ್ವಾಂಸರು ದಾಖಲಿಸುವ ಮೊದಲೇ ಊರವರು ಅವನ್ನು ಮೋರ್ಯರೆಂಬ ಹಿಂದಿನ ಕಾಲದ ಜನರ ಮನೆಗಳೆಂದು ಕರೆಯುತ್ತಿದ್ದುದನ್ನು ನೆನೆದರೆ ಇದು ನಿಮಗೆ ಸುಲಭವಾಗಿ ಅರ್ಥವಾದೀತು.

ಲಿಂಪೊಪೊ ಮತ್ತು ಶಾಶೆ ನದಿಗಳು ಕೂಡುವಲ್ಲಿ, ಇಂದಿನ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ಜಿಂಬಾಬ್ವೆ ದೇಶಗಳ ಗಡಿಗಳು ಸೇರುವ ಜಾಗದಲ್ಲಿ, ಕಡಿದಾದ ಬದಿಗಳ ಮರಳುಗಲ್ಲಿನ ಈ ಗುಡ್ಡವಿದೆ. ಸುಮಾರು 1220ರಿಂದ 1290ರವರೆಗೆ, ಅಂದರೆ ನಮ್ಮ ಸೀಮೆಯನ್ನು ದೇವಗಿರಿಯ ಸೇವುಣರು ಆಳುತ್ತಿದ್ದ ಕಾಲಕ್ಕೆ, ಅರಸ ಗುಡ್ಡದ ನೆತ್ತಿಯ ಮೇಲೂ ಪ್ರಜೆಗಳು ಬುಡದಲ್ಲೂ ನೆಲೆಸಿದ್ದರು. ಆಳುವವರ ವಾಸವನ್ನು ಹೀಗೆ ಎತ್ತರದಲ್ಲಿ ಬೇರ್ಪಡಿಸಿದ್ದು ಆ ಭಾಗದ ಸಮಾಜದಲ್ಲಿ ದೊಡ್ಡ ತಿರುವೆಂದು ನನಗೆ ತೋರುತ್ತದೆ. ಚಿನ್ನ ಮತ್ತು ಆನೆದಂತ ಪೂರ್ವ ಕರಾವಳಿಯ ಮೂಲಕ ಹೊರಗೆ ಹೋಗುತ್ತಿದ್ದವು. ಭಾರತದ ಗಾಜಿನ ಮಣಿಗಳೂ ಚೀನಾದ ಪಿಂಗಾಣಿಯೂ ಒಳಗೆ ಬರುತ್ತಿದ್ದವು. ಮುಂದೆ ಈ ವ್ಯಾಪಾರದ ಹಿಡಿತ ಇಂದಿನ ಜಿಂಬಾಬ್ವೆಯಲ್ಲಿದ್ದ ಗ್ರೇಟ್ ಜಿಂಬಾಬ್ವೆ ಎಂಬ ಕಲ್ಲುಗೋಡೆಗಳ ನಗರದ ಕೈಸೇರಿತು.

1932ರ ಡಿಸೆಂಬರ್ 31ರಂದು ವಾನ್ ಗ್ರಾನ್ ಎಂಬ ತಂದೆ ಮತ್ತು ಮಗ ಸಂಗಡಿಗರೊಂದಿಗೆ ಗುಡ್ಡ ಹತ್ತಿದರು. ಅಲ್ಲಿ ಅವರಿಗೆ ಚಿನ್ನ ಸಿಕ್ಕಿತು. ಮಗ ಜೆರಿ ಆ ವಿಷಯವನ್ನು ಪ್ರಿಟೋರಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲಿಯೊ ಫೂಶೆ ಅವರಿಗೆ ತಿಳಿಸದೆ ಇದ್ದಿದ್ದರೆ ಆ ಒಡವೆಗಳೆಲ್ಲ ಕರಗಿಹೋಗುವ ಸಾಧ್ಯತೆಯಿತ್ತು. ಘೇಂಡಾಮೃಗವೆಂದರೆ ಗಟ್ಟಿ ಚಿನ್ನದ ಎರಕವಲ್ಲ: ಮರದ ಆಕೃತಿಯ ಮೇಲೆ ತೆಳುವಾದ ಚಿನ್ನದ ತಗಡನ್ನು ಹೊದಿಸಿ ಪುಟ್ಟ ಚಿನ್ನದ ಮೊಳೆಗಳಿಂದ ಬಿಗಿದದ್ದು. ಮರ ಕೊಳೆತುಹೋಗಿ ತಗಡು ಮಾತ್ರ ಉಳಿದಿತ್ತು.

ಬಿಳಿಯರು ಬರುವ ಮೊದಲು ಆ ನೆಲ ಖಾಲಿಯಿತ್ತು ಎಂಬ ವಾದಕ್ಕೆ ಇಷ್ಟು ನೇರವಾದ ಉತ್ತರವಿದ್ದರೂ, ವರ್ಣಭೇದದ ಆಡಳಿತವಿದ್ದಷ್ಟು ಕಾಲ ಈ ಇತಿಹಾಸ ಸಾಮಾನ್ಯ ಜನರಿಗೆ ತಲುಪಲಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ. 2003ರಲ್ಲಿ ಮಪುಂಗುಬ್ವೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗೋರಿಗಳಿಂದ ತೆಗೆದು ಸಂಶೋಧನೆಗೆಂದು ಇರಿಸಿಕೊಂಡಿದ್ದ ಮಾನವ ಅಸ್ಥಿಗಳನ್ನು ವಂಶಸ್ಥ ಸಮುದಾಯಗಳ ಬೇಡಿಕೆಯಂತೆ 2007ರಲ್ಲಿ ಅದೇ ನೆಲದಲ್ಲಿ ಮತ್ತೆ ಮಣ್ಣು ಮಾಡಲಾಯಿತು.