ಮನೆ ಅತ್ತೆ ಹೆಸರಲ್ಲಿದ್ದರೂ ಅಕ್ಕನಿಗೆ ಹಕ್ಕಿದೆ

ಮನೆ ಅತ್ತೆ ಹೆಸರಲ್ಲಿದೆ, ಭಾವ ಹೊಡೆಯುತ್ತಾರೆ ಅಂತ ದೂರು ಕೊಟ್ಟರೆ ಅಕ್ಕನನ್ನು ಹೊರಗೆ ಹಾಕುತ್ತಾರಾ ಅಂತ ಕೇಳಿದ್ದೀರಿ. ಹಾಗೆ ಸುಮ್ನೆ ಹಾಕುವುದಕ್ಕೆ ಆಗುವುದಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಪ್ರಕಾರ ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಅವರಿಗಿದೆ. ಅತ್ತೆ ಮಾವನ ಮನೆಗೂ ಇದು ಅನ್ವಯಿಸಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಇದು ನಿಮ್ಮ ಮನೆಯದೊಂದೇ ಕಥೆ ಅಂದುಕೊಳ್ಳಬೇಡಿ. 2019ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನ ಹಿಂಸೆ ಕಂಡಿದ್ದಾಗಿ ಹೇಳಿದ್ದರು. ನಮ್ಮ ಮಂಡ್ಯ ಕಡೆ ನಾನು ನೋಡಿದ ಒಬ್ಬರು ಆಲೆಮನೆ ಒಲೆಯ ಮುಂದೆಯೂ ತುಂಬು ತೋಳಿನ ರವಿಕೆ ಹಾಕುತ್ತಿದ್ದರು. ಕೇಳಿದರೆ, ಎಮ್ಮೆ ಗುದ್ದಿತು ಅನ್ನುತ್ತಿದ್ದರು. ಎಮ್ಮೆ ವಾರಕ್ಕೊಮ್ಮೆ ಗುದ್ದುತ್ತಾ?

ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಈ ಕಾಯ್ದೆ ಪ್ರಕಾರ ನೆರವು ಕೊಡುವ ಸಂರಕ್ಷಣಾ ಅಧಿಕಾರಿ ನಿಮ್ಮ ಕಡೆ ಯಾರು ಅಂತ ಕೇಳಿ. ಏಟು ಬಿದ್ದ ದಿನವೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗಾಯ ಹೇಗಾಯಿತು ಅಂತ ಚೀಟಿಯಲ್ಲಿ ಬರೆಸಿ. ಆ ಚೀಟಿ ನಿಮ್ಮ ಹತ್ತಿರವೇ ಇರಲಿ.